ಚಿತ್ರ ಕೃಪೆ: ಅಮ್ಮ

"ಚಿತ್ರ ಕೃಪೆ: ಅಮ್ಮ," ಎಂದು ಟೀಚರ್ ಇಡೀ ತರಗತಿಗೆ ಕೇಳುವಂತೆ ಓದಿದರು. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಮೌನದಲ್ಲಿ ನಗು ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು. ಹುಟ್ಟಿತು.

ಶಾಲೆಯ ಪ್ರದರ್ಶನಕ್ಕೆಂದು ಕೊಟ್ಟಿದ್ದ ಮನೆಗೆಲಸವೇನೂ ಕಷ್ಟದ್ದಲ್ಲ. ಇಂಟರ್‌ನೆಟ್‌ನಲ್ಲಿ ಒಂದು ಒಳ್ಳೆಯ ಚಿತ್ರ ಹುಡುಕಬೇಕು, ತೆಗೆದವರು ಯಾರೆಂದು ಪತ್ತೆ ಮಾಡಬೇಕು, ಚಾರ್ಟಿಗೆ ಅಂಟಿಸಿ ಕೆಳಗೆ ಅವರ ಹೆಸರು ಬರೆಯಬೇಕು. ಇನ್ನೊಬ್ಬರ ದುಡಿಮೆಯ ಕೆಳಗೆ ಬೇರೆಯವರ ಹೆಸರು ಹಾಕಿದರೆ ಅದು ಕಳ್ಳತನವೇ ಎಂದು ಟೀಚರ್ ವಾರವಿಡೀ ಹೇಳಿದ್ದರು. ಇಷ್ಟಾದರೂ ಮೂಲೆ ಬೆಂಚಿನ ಈ ಹುಡುಗಿ ಹೀಗೆ ಬರೆದು ತಂದಿದ್ದಳು. ಚಿತ್ರದಲ್ಲಿ ಕಿಟಕಿಯ ಪಕ್ಕ ಇಟ್ಟ ಒಂದು ಸ್ಟೀಲ್ ಕೆಟಲ್. ಅದರ ಮೈಮೇಲೆ ಬೆಳಕು ಕೆನೆಯಂತೆ ಕಟ್ಟಿತ್ತು. ಪಳಗಿದ ಕೈ ತೆಗೆದದ್ದೆಂದು ಯಾರಾದರೂ ಹೇಳಬಹುದಿತ್ತು.

"ಅಮ್ಮ ತೆಗೆದಿದ್ದಾ?"

"ಹೌದು ಮಿಸ್."

"ನೋಡೇಬಿಡೋಣ." ಟೀಚರ್ ಚಾರ್ಟಿನ ಚಿತ್ರವನ್ನು ಮೊಬೈಲಿನಲ್ಲಿ ಸೆರೆಹಿಡಿದು, ಅದನ್ನೇ ಕೊಟ್ಟು ಇಂಟರ್‌ನೆಟ್‌ನಲ್ಲಿ ಹುಡುಕಿದರು. ಗೋಡೆಯ ಪರದೆಯ ಮೇಲೆ ಅದೇ ಕೆಟಲ್ ಮೂಡಿತು, ಪೇಟೆಯ ಫೋಟೋ ಸ್ಟುಡಿಯೋ ಒಂದರ ಪುಟದಲ್ಲಿ. ಚಿತ್ರದ ಮೂಲೆಯಲ್ಲಿ ಯಜಮಾನನ ಹೆಸರು ಸಣ್ಣಗೆ ಕಾಣುತ್ತಿತ್ತು. ಹಿಂದಿನವರಿಗೂ ಕಾಣಲಿ ಎಂದು ಟೀಚರ್ ಅದನ್ನು ದೊಡ್ಡದು ಮಾಡಿದರು. ಇನ್ನೂ ದೊಡ್ಡದು ಮಾಡಿದರು. ಕೆಟಲಿನ ಹೊಟ್ಟೆ ಅರ್ಧ ಗೋಡೆಯನ್ನು ತುಂಬಿತು. "ಗಂಡಸಿನ ಹೆಸರು! ಏನಮ್ಮಾ, ನಿಮ್ಮಮ್ಮನಿಗೆ ಮೀಸೆ ಇದೆಯಾ?"

"ಮಿಸ್, ಮಿಸ್! ಚಂದ್ರನ ಫೋಟೋ ಇದೆಯಲ್ಲ, ಅದು ನಮ್ಮಜ್ಜಿ ತೆಗೆದಿದ್ದು. ಏಣಿ ಹಾಕ್ಕೊಂಡು!" ಎಂದ ಮಾತಿನಮಲ್ಲನೊಬ್ಬ. ತರಗತಿ ಬಿದ್ದುಬಿದ್ದು ನಕ್ಕಿತು. ಟೀಚರಿಗೂ ನಗು ತಡೆಯಲಾಗಲಿಲ್ಲ. ಅದೇ ನಗುಮುಖದಲ್ಲೇ ಚಾರ್ಟಿನ ಮೇಲೆ ಕೆಂಪು ಸೊನ್ನೆ ಸುತ್ತಿದರು. ಹುಡುಗಿ ಅಳಲಿಲ್ಲ, ತಪ್ಪಾಯ್ತು ಎನ್ನಲೂ ಇಲ್ಲ. ಎಲ್ಲರೂ ಮೂಲೆಯ ಹೆಸರನ್ನು ಓದುತ್ತಿದ್ದರೆ ಅವಳು ಮಾತ್ರ ಕೆಟಲಿನ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ಮೊಂಡು ಎಂದುಕೊಂಡರು ಟೀಚರ್.

ಮರುದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಹೆಂಗಸೊಬ್ಬಳು ನಿಂತಿದ್ದಳು. ಹೆಗಲಲ್ಲಿ ಕ್ಯಾಮೆರಾ ಚೀಲ, ಬೆನ್ನ ಹಿಂದೆ ಚಾರ್ಟ್ ಸುರುಳಿ ಹಿಡಿದ ಹುಡುಗಿ. ಜಗಳಕ್ಕೇ ಬಂದಿದ್ದಾಳೆಂದು ಟೀಚರ್ ಮನಸ್ಸಿನಲ್ಲೇ ಉತ್ತರ ಜೋಡಿಸಿಕೊಂಡರು.

"ತಪ್ಪು ತಿಳ್ಕೋಬೇಡಿ ಮೇಡಂ," ಎಂದಳು ಹೆಂಗಸು, ದನಿ ತಗ್ಗಿಸಿ. "ನಾನು ಆ ಸ್ಟುಡಿಯೋದಲ್ಲೇ ಕೆಲಸ ಮಾಡೋದು. ಇವಳಿಗೆ ಹೇಳಿದ್ದೆ, ನನ್ನ ಹೆಸರು ಎಲ್ಲೂ ಎತ್ತಬೇಡ ಅಂತ. ಮಕ್ಕಳು ನೋಡಿ, ತಡ್ಕೊಳ್ಳೋಕಾಗಲ್ಲ. ಈಗ ಯಜಮಾನರ ಹೆಸರೇ ಬರೆಸಿಬಿಡಿ. ನಾಳೆ ನಿಮ್ಮ ಪ್ರದರ್ಶನದ ಫೋಟೋ ತೆಗೆಯೋಕೆ ಅವರೇ ಬರ್ತಿದಾರೆ. ಇದು ಅವರ ಕಣ್ಣಿಗೆ ಬಿದ್ರೆ ನನ್ನ ಕೆಲಸ ಹೋಗುತ್ತೆ."

"ಅಂದ್ರೆ... ನಿಜವಾಗ್ಲೂ ನೀವೇ ತೆಗೆದಿದ್ದಾ?"

ಹೆಂಗಸು ನಕ್ಕಳು. "ಕ್ಯಾಮೆರಾ ಅವರದು, ಕೆಟಲ್ ಅವರದು, ಸಂಬಳ ಅವರದು. ಗುಂಡಿ ಒತ್ತಿದ ಬೆರಳಷ್ಟೇ ನಂದು. ಬೆರಳಿಗೆಲ್ಲ ಯಾರು ಹೆಸರು ಹಾಕ್ತಾರೆ ಮೇಡಂ?" ಆಮೇಲೆ ಮಗಳ ಕೈಯಿಂದ ಚಾರ್ಟ್ ತೆಗೆದುಕೊಂಡು ಮೇಜಿನ ಮೇಲೆ ಹರಡಿದಳು. "ನೋಡಿ ಇಲ್ಲಿ. ಅವತ್ತು ಇವಳಿಗೆ ಜ್ವರ, ಸ್ಕೂಲಿಗೆ ಕಳಿಸದೆ ಜೊತೇಲೇ ಕರ್ಕೊಂಡು ಹೋಗಿದ್ದೆ. ಪ್ರತಿಬಿಂಬ ಬಿದ್ದಿದೆ, ಅಳಿಸಿಬಿಡು ಅಂದ್ರು ಯಜಮಾನ್ರು. ಅಳಿಸಿದೆ ಅಂದೆ." ಕೆಟಲಿನ ಹೊಟ್ಟೆಯ ಮೇಲೆ ಬೆರಳಿಟ್ಟಳು, "ಅಳಿಸ್ಲಿಲ್ಲ."

ಟೀಚರ್ ಬಗ್ಗಿದರು. ಕೆಟಲಿನ ಹೊಟ್ಟೆಯಲ್ಲಿ ಡೊಂಕಾಗಿ, ಉದ್ದಕ್ಕೆ ಎಳೆದಂತೆ ಒಬ್ಬ ಹೆಂಗಸು. ಮುಖವಿರಬೇಕಾದ ಜಾಗದಲ್ಲಿ ಕ್ಯಾಮೆರಾ. ಅವಳ ಸೊಂಟಕ್ಕೆ ಒರಗಿದ ಒಂದು ಪುಟ್ಟ ತಲೆ. ನಿನ್ನೆ ಇದೇ ಚಿತ್ರ ಅರ್ಧ ಗೋಡೆಯಷ್ಟಾಗಿ ಅವರ ಎದುರಿಗೇ ನಿಂತಿತ್ತು. ದೊಡ್ಡದು ಮಾಡಿದ್ದೂ ಅವರೇ. ತಾಯಿಯ ಮೇಲ್ದುಟಿಯ ಕಡೆ ನೋಡಲು ಈಗ ಅವರಿಗೆ ಧೈರ್ಯ ಬರಲಿಲ್ಲ. ಮೀಸೆಯ ಮಾತನ್ನು ಮಗಳು ಮನೆಯಲ್ಲಿ ಹೇಳಿದ್ದಾಳೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಹಾಗೂ ಇರಲಿಲ್ಲ.

"ಬೇಕಿದ್ರೆ ಇವಳ ಚಾರ್ಟನ್ನೇ ಹಾಕೋದು ಬೇಡ..." ಎಂದರು ಟೀಚರ್.

"ಅಯ್ಯೋ, ಹಾಗನ್ಬೇಡಿ. ಹಾಕಿ ಮೇಡಂ. ಚಿತ್ರ ಚೆನ್ನಾಗಿದೆ ಅಲ್ವಾ?" ಎಂದು ತಾಯಿ ಅವಸರದಲ್ಲಿ ಹೇಳಿ, ಕೆಲಸಕ್ಕೆ ಹೊತ್ತಾಯಿತೆಂದು ಹೊರಟುಹೋದಳು.

ಹುಡುಗಿ ಅಲ್ಲೇ ಮೇಜಿನ ತುದಿಯಲ್ಲಿ ಬಿಳಿ ಚೀಟಿಯೊಂದನ್ನು 'ಅಮ್ಮ'ನ ಮೇಲೆ ಅಂಟಿಸಿ, ಯಜಮಾನನ ಹೆಸರನ್ನು ದುಂಡಗೆ ಬರೆದಳು. ಅಂಟು ಒಣಗಲೆಂದು ಊದಿದಳು.

"ಮಿಸ್, ಈಗ ಸರಿ ಇದೆಯಾ?"

ಕೇಳಿದ ರೀತಿಯಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕ್ಷಮಿಸು ಎನ್ನಬೇಕೆಂದು ಟೀಚರ್ ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿ ಮೇಜಿನ ಮೇಲಿದ್ದ ಕೆಂಪು ಪೆನ್ನನ್ನು ಎತ್ತಿ ಅವರತ್ತ ಚಾಚಿದ್ದಳು. ಅವರು ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಪೂರ್ತಿ ಅಂಕ ಕೊಟ್ಟರು. ಕೆಳಗೆ ತಮ್ಮದೇ ಹೆಸರಿನ ರುಜು ಹಾಕಿದರು.

ಪ್ರದರ್ಶನದ ಕೋಣೆಯಲ್ಲಿ ಚಾರ್ಟನ್ನು ತಾವೇ ತೂಗುಹಾಕುತ್ತೇನೆಂದು ಟೀಚರ್ ಕುರ್ಚಿ ಹತ್ತಿದರು. ಬಾಗಿಲೆದುರು, ಒಳಗೆ ಬಂದವರ ಕಣ್ಣಿಗೆ ನೇರ ಬೀಳುವಲ್ಲಿ ಪಿನ್ನು ಒತ್ತಲು ಹೋದರು.

"ಅಲ್ಲಿ ಬೇಡ ಮಿಸ್, ಇನ್ನೂ ಮೇಲೆ," ಎಂದಳು ಹುಡುಗಿ, ಕೆಳಗಿನಿಂದ. "ಯಾರೂ ಹತ್ತಿರದಿಂದ ನೋಡೋಕೆ ಆಗಬಾರದು."