ಏಳನೇ ಕಪ್ಪು

ಏಳನೇ ಕಪ್ಪಿನ ಮುಚ್ಚಳ ಎತ್ತಿ ಮೂಸಿದ್ದೇ ತಡ, ಟೇಸ್ಟರ್ ಮೇಡಂ ಕಣ್ಣು ಮುಚ್ಚಿದರು. ಆಗಷ್ಟೇ ಓವನ್ನಿನಿಂದ ಇಳಿಸಿದ ಬೆಣ್ಣೆ ಕೇಕು. ಅಂಚು ಸ್ವಲ್ಪ ಕಂದಿದ್ದು, ನಡುವೆ ಇನ್ನೂ ಹಬೆಯಾಡುತ್ತಿರುವುದು. ಬೆಳಗ್ಗೆಯಿಂದ ಬೇರೆ ಬೇರೆ ಪರಿಮಳ ಬೆರೆಸಿದ ಆರು ಕಪ್ಪು ಚಹಾ ಸೊರ್ರನೆ ಹೀರಿ, ನಾಲಗೆಯ ಮೇಲೆ ಹೊರಳಿಸಿ, ಬಕೆಟ್ಟಿಗೆ ಉಗಿದಿದ್ದರು. ಕ್ಯಾರಮೆಲ್‌ನದು ಚೆನ್ನಾಗಿತ್ತು. ಚಾಕೊಲೇಟಿನದು ಅದಕ್ಕಿಂತ ಚೆನ್ನ. ಗಂಟಲಿನವರೆಗೂ ಬಂದು ಮುದ್ದು ಮಾಡಿ ಹೋಗಿತ್ತು. ಬೆಣ್ಣೆ ಕೇಕಿನ ನಾಲ್ಕು ಬಗೆಗಳಲ್ಲಿ ಮಾತ್ರ ಒಂದೂ ನಾಲಗೆಯ ಮೇಲೆ ಕೂತಿರಲಿಲ್ಲ. ಇದು ಮೂಗಿನಲ್ಲೇ ಕೂತುಬಿಟ್ಟಿತು.

"ಇದೇ," ಎಂದರು. "ಇದಕ್ಕೆ ಸಹಿ ಹಾಕ್ತೀನಿ."

ಎದುರಿಗಿದ್ದ ಮ್ಯಾನೇಜರ್ ಕುರ್ಚಿಯಿಂದ ಅರ್ಧ ಎದ್ದ. ಸಹಿ ಬಿದ್ದರೆ ನಾಳೆಯಿಂದಲೇ ಕೆಳಗಿನ ಮಿಕ್ಸಿಂಗ್ ಕೋಣೆಯಲ್ಲಿ ಎರಡು ಪಾಳಿ. ಹೆಂಗಸರು ಚಹಾ ಎಲೆಯ ಮೇಲೆ ಎಸೆನ್ಸ್ ಸಿಂಪಡಿಸಿ ಕಲಸುವ ಕೋಣೆ ಅದು. "ಕೊನೆಗೂ ನಿಮ್ಮ ನಾಲಗೆ ಒಲೀತಲ್ಲಪ್ಪ! ಯಾವ ಸೀಸೆಯದು ನೋಡಿ."

ಮೊದಲು ಮುಚ್ಚಳ ಮೂಸುವುದು, ಆಮೇಲೆ ಕಪ್ಪು ನೋಡುವುದು ಆ ಕೆಲಸದ ಪದ್ಧತಿ. ಮೇಡಂ ಈಗ ಕಪ್ಪು ನೋಡಿದರು. ಖಾಲಿ. ಒಂದು ಹನಿ ಪಸೆಯೂ ಇಲ್ಲ. ಪಟ್ಟಿಯಲ್ಲಿ ಇದ್ದದ್ದು ಆರೇ.

"ಏಳನೇದು ಯಾರಿಟ್ರು?"

"ನಾನೇ ಅಮ್ಮ," ಎಂದಳು ಬಾಗಿಲ ಪಕ್ಕ ನೀರು ಕಾಯಿಸುತ್ತಿದ್ದ ಹೆಂಗಸು. ಆರು ವರ್ಷ ಮಿಕ್ಸಿಂಗ್ ಕೋಣೆಯಲ್ಲಿ ದುಡಿದು, ಚೀಲ ಎತ್ತುವುದಿರಲಿ ಸೊಂಟ ಬಗ್ಗಿಸಿದರೂ ಏದುಸಿರು ಬರತೊಡಗಿದ ಮೇಲೆ ಅವಳನ್ನು ಇಲ್ಲಿಗೆ ಹಾಕಿದ್ದರು. ಮಾತಿಗಿಂತ ಮೊದಲು ಅವಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸಿಳ್ಳೆಯಕ್ಕ.

"ಏನು ಹಾಕಿದ್ದೆ ಅದಕ್ಕೆ?" ಮ್ಯಾನೇಜರ್ ಕೇಳಿದ.

"ಏನೂ ಇಲ್ಲ ಸಾರ್. ಊದಿದೆ ಅಷ್ಟೆ."

"ಊದಿದ್ಳಂತೆ! ಇವಳೇನು ಬೇಕರಿನಾ ಮೇಡಂ?"

ಸಿಳ್ಳೆಯಕ್ಕ ಇನ್ನೊಂದು ಕಪ್ಪು ತೆಗೆದುಕೊಂಡಳು. ಕುದಿನೀರಲ್ಲಿ ತೊಳೆದು, ಒರೆಸಿ, ಇಬ್ಬರಿಗೂ ತೋರಿಸಿದಳು. ಬಾಯಿಗೆ ಹತ್ತಿರ ಹಿಡಿದು ಎದೆಯಲ್ಲಿದ್ದದ್ದನ್ನೆಲ್ಲ ಅದರೊಳಕ್ಕೆ ಬಿಟ್ಟಳು. ಸಿಳ್ಳೆ ಉದ್ದಕ್ಕೆ ಎಳೆದು, ನಡುವೆ ತುಂಡಾಗಿ, ಮತ್ತೆ ಎಳೆಯಿತು. ಮುಚ್ಚಳ ಮುಚ್ಚಿದಳು.

"ತೆಗೀರಿ ಅಮ್ಮ."

ಮೇಡಂ ತೆಗೆದರು. ಅದೇ ಕೇಕು. ಅಂಚು ಕಂದಿದ್ದು, ನಡುವೆ ಹಬೆಯಾಡುತ್ತಿರುವುದು.

"ನಾನು ಆ ಕೋಣೆ ಬಿಟ್ಟು ಐದು ತಿಂಗಳಾಯ್ತು," ಎಂದಳು ಸಿಳ್ಳೆಯಕ್ಕ. "ಎಷ್ಟು ತೊಳೆದ್ರೂ ಇದು ಹೋಗಲಿಲ್ಲ. ಮಲಗಿದ್ರೆ ದಿಂಬಿಗೆ ಇರುವೆ ಹತ್ತುತ್ತೆ, ಬಾಯಿ ಹುಡುಕ್ಕೊಂಡು ಬರುತ್ತೆ. ನನ್ನ ಮೂಗಿಗಂತೂ ವಾಸನೆ ಹತ್ತದೆ ವರ್ಷದ ಮೇಲಾಯ್ತು. ನೀವೇ ಹೇಳ್ಬೇಕು. ಅವತ್ತಿನಷ್ಟೇ ಹಿತವಾಗಿದ್ಯಾ?"

ಅವತ್ತು! ಮಿಕ್ಸಿಂಗ್ ಕೋಣೆಯ ಹೆಂಗಸರೆಲ್ಲ ಕೆಮ್ಮುತ್ತಲೇ ಮೇಲೆ ಬಂದು, ಗಾಳಿ ಹೊರಗೆಳೆಯುವ ಫ್ಯಾನು ಹಾಕಿಸಿ ಎಂದು ಕೇಳಿದ ದಿನ. ಕಂಪನಿಯಲ್ಲಿ ಮೇಡಂ ಅವರಷ್ಟು ಚುರುಕು ಮೂಗು ಬೇರೆ ಇಲ್ಲವೆಂದು ಮ್ಯಾನೇಜರ್ ಗಾಳಿ ಪರೀಕ್ಷೆಗೆ ಅವರನ್ನೇ ಕಳಿಸಿದ್ದ. ಅವರು ಹತ್ತು ನಿಮಿಷ ನಿಂತು, ಚಹಾಕ್ಕೆ ಬರೆಯುವ ಹಾಗೆಯೇ ಗಾಳಿಗೂ ಬರೆದುಕೊಟ್ಟಿದ್ದರು: 'ಪರಿಮಳ ಹಿತಕರ. ಕೊನೆಯಲ್ಲಿ ಬೆಣ್ಣೆಯ ನುಣುಪು. ದೋಷವಿಲ್ಲ.' ಆ ಹಾಳೆಗೆ ಚೌಕಟ್ಟು ಹಾಕಿಸಿ ಕೋಣೆಯ ಬಾಗಿಲಿಗೆ ಮೊಳೆ ಹೊಡೆದರು. ಫ್ಯಾನು ಬರಲಿಲ್ಲ.

"ಈಗ ನನ್ನ ಜಾಗದಲ್ಲಿ ನನ್ನ ತಂಗಿ ನಿಂತಿದಾಳಮ್ಮ. ಮೊನ್ನೆಯಿಂದ ಅವಳಿಗೂ ಏನು ಮೂಸಿದ್ರೂ ಗೊತ್ತಾಗ್ತಿಲ್ಲ. ನಮ್ಮ ಬಾಯಿ ಮಾತು ಯಾರು ಕೇಳ್ತಾರೆ? ನಿಮ್ಮ ಮೂಗಿನ ಮಾತು ಕೇಳ್ತಾರೆ. ಅದಕ್ಕೇ ಇಟ್ಟೆ."

ಮ್ಯಾನೇಜರಿಗೆ ಇದಾವುದೂ ಕೇಳಿಸಿದಂತಿರಲಿಲ್ಲ. ಅವನು ಖಾಲಿ ಕಪ್ಪಿನೊಳಗೆ ಮೂಗು ತುರುಕಿದ್ದ. "ಐದು ತಿಂಗಳು ನಿಂತಿದ್ಯಾ ಇದು? ಅಬ್ಬಬ್ಬಾ! ನಮ್ಮ ಚಹಾದಲ್ಲಿ ಮೂರು ವಾರ ನಿಲ್ಲಲ್ಲ ಮೇಡಂ. ಆಗ ಯಾವ ಎಸೆನ್ಸ್ ಬಳಸ್ತಿದ್ರು ಅಂತ ಇವಳನ್ನೇ ಕೇಳಿ ಬರ್ಕೊಳ್ತೀನಿ. ನೀವು ಸಹಿ ಹಾಕಿ."

ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಎದ್ದು ಹೋಗಿ ಇನ್ನೊಂದು ಕಪ್ಪು ತಾವೇ ತೊಳೆದು, ಒರೆಸಿ, ಅವನ ಮುಂದೆ ಇಟ್ಟರು.

"ನೀವು ಊದಿ ಸರ್."

"ನಾನಾ? ಒಳ್ಳೆ ತಮಾಷೆ. ನಾನೇನು ಎಸೆನ್ಸ್ ಸಿಂಪಡಿಸೋನಾ? ಗಾಜಿನ ಕ್ಯಾಬಿನ್‌ನಲ್ಲಿ ಕೂರೋನು."

"ಮಿಕ್ಸಿಂಗ್ ಕೋಣೆ ನೆತ್ತಿ ಮೇಲೇ ಇರೋ ಕ್ಯಾಬಿನ್. ಊದಿ. ವಾಸನೆ ಬರಲಿಲ್ಲ ಅಂದ್ರೆ ಆರು ಕಪ್ಪಿಗೂ ಸಹಿ ಹಾಕಿಕೊಡ್ತೀನಿ. ಬಂದ್ರೆ, ಆ ಬಾಗಿಲಲ್ಲಿರೋ ನನ್ನ ಹಾಳೆ ಈಗಲೇ ಕಿತ್ಕೊಂಡು ಬರ್ತೀನಿ."

ಅವನು ನಕ್ಕ. ದೀಪ ಆರಿಸುವವನಂತೆ ಜೋರಾಗಿ ಊದಿ, ಟಪ್ಪೆಂದು ಮುಚ್ಚಳ ಮುಚ್ಚಿದ.

"ತೆಗೀರಿ," ಎಂದರು ಮೇಡಂ.

ಅವನು ತೆಗೆಯಲಿಲ್ಲ. ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದು, ತುಟಿ ಬಿಗಿದು, ಅಲ್ಲಾಡದೆ ಕೂತ. ಕಿಟಕಿಯಿಂದ ಮೇಜಿಗಿಳಿದಿದ್ದ ಇರುವೆಗಳ ಸಾಲೊಂದು, ಆರು ಕಪ್ಪುಗಳತ್ತ ತಲೆಯೂ ಹಾಕದೆ ದಾಟಿ, ಅವನ ತೋಳೇರಿ, ಕಾಲರಿನ ಅಂಚು ಬಳಸಿ, ಬಾಯಿಯತ್ತ ಹೊರಟಿತ್ತು.