ಕೇಳುವ ಮೊದಲೇ

“ಇವತ್ತು ಹರ್ಷಿಣಿ ಕೇಳುವವರೆಗೆ ಯಾರೂ ಅವಳಿಗೆ ಹಾಲು ಕೊಡಬಾರದು!” ರತ್ನಾವತಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

ಗಲ್ಲಾದ ಮುಂದಿದ್ದ ಗಂಡ ಬಾಬುವಿಗೆ ನಗು ಬಂತು. ಚೆನ್ನೈಯ ತ್ರಿಪ್ಲಿಕೇನಿನಲ್ಲಿ ಅವನ ಅಪ್ಪ ಕಟ್ಟಿದ ಊಟದ ಹೋಟೆಲು ಅದು. ಎಲೆಯಲ್ಲಿ ಸಾರು ಮುಗಿಯುವ ಮೊದಲೇ ಬಡಿಸಬೇಕು, ಗಿರಾಕಿ ಬಾಯಿಬಿಟ್ಟು ಕೇಳಿದನೋ, ಮರ್ಯಾದೆ ಹೋದಂತೆಯೇ. ಅಂಥಲ್ಲಿ ಮನೆಮಗಳನ್ನು ಕಾಯಿಸುವುದುಂಟೇ?

“ಎಂತ ಮಾರಾಯ್ತಿ ನಿಂದು! ಎರಡೂವರೆ ವರ್ಷದ ಮಗುವಿಗೆ ಪರೀಕ್ಷೆಯಾ?”

“ಒಂದು ದಿನವಾದ್ರೂ ಬೆರಳು ತೋರಿಸಿ ಇದು ಬೇಕು ಅಂದಿದ್ದಾಳಾ? ಹೆಸರು ಹಿಡಿದು ಕರೆದ್ರೆ ತಿರುಗ್ತಾಳಾ?”

“ಲೋಟದ ಸದ್ದಿಗೆ ಓಡಿ ಬರ್ತಾಳಲ್ಲ, ಕಿವಿ ಚುರುಕೇ ಉಂಟು. ಮನೆಯಲ್ಲಿ ತುಳು, ಕನ್ನಡ, ಹೊರಗೆ ತಮಿಳು. ಯಾವುದರಲ್ಲಿ ಮಾತಾಡುದು ಅಂತ ಪಾಪ ಅವಳಿಗೇ ಗೊತ್ತಿಲ್ಲ.”

“ಬೆರಳು ತೋರಿಸ್ಲಿಕ್ಕೆ ಯಾವ ಭಾಷೆ ಬೇಕು?”

ಬಾಬು ಮಗಳ ಕಡೆ ತಿರುಗಿದ. ಹರ್ಷಿಣಿ ನೆಲದಲ್ಲಿ ಕೂತು ಲೋಟಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಒಂದು ಕದಲಿದರೂ ಮತ್ತೆ ಮೊದಲಿನಿಂದ. ‘ನಮ್ಮವಳು ಹುಟ್ಟಾ ಹೋಟೆಲಿನವಳು’ ಎಂದು ಅವನು ಎಷ್ಟು ಗಿರಾಕಿಗಳ ಮುಂದೆ ಬೀಗಿದ್ದನೋ!

ಹಸಿವಾದಾಗ ಮಗು ಎದ್ದು ಬಂತು. ಅಳಲಿಲ್ಲ, ಕೇಳಲಿಲ್ಲ. ಅಪ್ಪನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನು ಕಟ್ಟೆಯ ಮೇಲಿನ ಹಾಲಿನ ಪಾತ್ರೆಯತ್ತ ತಳ್ಳಿತು. ಅಪ್ಪನ ಕೈಯನ್ನಲ್ಲ, ಬೇಕಾದ ಸೌಟನ್ನು ಎತ್ತಿಕೊಂಡ ಹಾಗಿತ್ತು ಅದು. ಬಾಬು ಮಂಡಿಯೂರಿ ಕೂತ.

“ಮಗಾ, ಅಪ್ಪ ಇಲ್ಲಿದ್ದೇನೆ. ಇಲ್ಲಿ ನೋಡು.”

ಅವಳ ಕಣ್ಣು ಅವನ ಮುಖವನ್ನು ದಾಟಿ ಪಾತ್ರೆಗೇ ಹೋಯಿತು. ಬಾಬು ಎದ್ದ. ತಾನೇ ಹಾಲು ಕುಡಿಸಿ, ಅವಳನ್ನು ಎತ್ತಿಕೊಂಡು ಹೆಂಡತಿಗೆ ಹೇಳಿದ: “ನಾಳೆ ಬೆಳಿಗ್ಗೆಯೇ ಎಗ್ಮೋರಿನ ಮಕ್ಕಳ ಡಾಕ್ಟ್ರ ಹತ್ರ ಹೋಗುವ.”

ಅದು ತೊಂಬತ್ತೊಂಬತ್ತನೇ ಇಸವಿ. ಏಳು ವರ್ಷವಾಯಿತು. ಅಂದು ಡಾಕ್ಟರು ಹೇಳಿದ ಆಟಿಸಂ ಎಂಬ ಮಾತು ಈಗ ಮನೆಯಲ್ಲಿ ಹಳೆಯದು. ಹೋಟೆಲಿನಲ್ಲಿ ಈಗಲೂ ಕೇಳುವ ಮೊದಲೇ ಸಾರು ಬೀಳುತ್ತದೆ. ಅದನ್ನು ನೋಡಿದಾಗಲೆಲ್ಲ ಬಾಬುವಿಗೆ ಆ ಹಳೆಯ ದಿನಗಳ ಆಸೆಯಾಗುತ್ತದೆ: ಮಗು ಕಣ್ಣು ಬಿಡುವಷ್ಟರಲ್ಲಿ ಹಾಲು ತುಟಿಗೆ ಹಿಡಿದು, ಅದೇ ಪ್ರೀತಿ ಎಂದುಕೊಂಡು ಸುಖವಾಗಿದ್ದ ದಿನಗಳು.

ಈಗ ಪ್ರತಿ ಬೆಳಿಗ್ಗೆ ಮೂಲೆಯ ಮೇಜಿನಲ್ಲಿ ಮಗಳೆದುರು ಹಾಲಿನ ಲೋಟ ಹಿಡಿದು, ಅವಳಾಗಿಯೇ ಕೇಳಲಿ ಎಂದು ಸುಮ್ಮನೆ ಕೂರುತ್ತಾನೆ. ಕೈ ತಾನಾಗಿ ಮುಂದೆ ಹೋಗುತ್ತದೆ, ಹಿಂದಕ್ಕೆಳೆದುಕೊಳ್ಳುತ್ತಾನೆ. ಕೊನೆಗೊಮ್ಮೆ ಹರ್ಷಿಣಿಯ ಬೆರಳು ಲೋಟದ ಕಡೆ ಏಳುತ್ತದೆ, ಕಣ್ಣು ಅಪ್ಪನ ಕಡೆ. ಅಷ್ಟರಲ್ಲಿ ಹಾಲು ಆರಿ ಕೆನೆ ಕಟ್ಟಿರುತ್ತದೆ.