ದೋಷವಿಲ್ಲ

ರೈಲು ಎಂಜಿನ್ನು ಕಟ್ಟುವ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಹಾರನ್ ತಯಾರಿಸಿದವನು ಅದರ ಬುಡದಲ್ಲಿ ತನ್ನ ನಂಬರು ಕೆತ್ತಬೇಕು. ಮುಂದೆ ದೂರು ಬಂದರೆ ಅದು ಅವನ ಮೇಜಿಗೇ ವಾಪಸ್ಸು. ಎಂಜಿನ್ನಿನಿಂದ ಬಿಚ್ಚಿದ ಹಾರನ್ನನ್ನು ಕಂಕುಳಲ್ಲಿಟ್ಟುಕೊಂಡು ಡ್ರೈವರು ಹದಿನೇಳನೇ ನಂಬರಿನ ಮೇಸ್ತ್ರಿಯನ್ನು ಹುಡುಕಿಕೊಂಡು ಬಂದ. ಹದಿನೆಂಟು ದಿನಗಳಿಂದ ಅವನ ನಾಲಗೆಗೆ ಉಪ್ಪು ಹುಳಿ ಯಾವುದೂ ತಿಳಿಯುತ್ತಿರಲಿಲ್ಲ.

ಮೇಸ್ತ್ರಿಯ ಬೋಳಿಸಿದ ತಲೆಯಲ್ಲಿ ಕೂದಲು ಆಗತಾನೇ ಚಿಗುರುತ್ತಿತ್ತು. ತಿರುಪತಿಗೆ ಹೋಗಿ ಬಂದಿರಬೇಕು ಅಂದುಕೊಂಡ ಡ್ರೈವರು.

"ಅವತ್ತು ಒಬ್ಳು ಹುಡುಗಿ ಹಳಿ ದಾಟ್ತಾ ಇದ್ಲು, ಮೇಸ್ತ್ರಿಗಳೇ. ಬಟನ್ ಮೇಲಿಂದ ಕೈ ತೆಗೀಲೇ ಇಲ್ಲ ನಾನು. ಆ ಹುಡುಗಿ ತಿರುಗಿ ಸಹ ನೋಡ್ಲಿಲ್ಲ. ನನಗೇನೋ ಕೇಳಿಸ್ತು, ಸದ್ದು ಅಷ್ಟು ದೂರ ಹೋಗ್ಲಿಲ್ವೇನೋ."

ಮೇಸ್ತ್ರಿ ಹಾರನ್ನನ್ನು ಮೇಜಿಗೆ ಬಿಗಿದು, ಗಾಳಿಯ ಪೈಪು ಜೋಡಿಸಿ ತಿರುಪಿದರು. ಸೂರಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಇನ್ನೊಮ್ಮೆ ಕೂಗಿಸಿದರು. ಮತ್ತೊಮ್ಮೆ.

"ಸರಿಯಾಗೇ ಇದೆ. ಅರ್ಧ ಮೈಲಿ ಆಚೆಗೂ ಕೇಳುತ್ತೆ."

ಕಾಗದದಲ್ಲಿ 'ದೋಷವಿಲ್ಲ' ಎಂದು ಬರೆದು ರುಜು ಹಾಕಿದರು.

"ಹಾಗಾದ್ರೆ ಅವಳು ಯಾಕೆ ತಿರುಗ್ಲಿಲ್ಲ?"

ಮೇಸ್ತ್ರಿ ಹಾರನ್ನಿನ ಬಾಯನ್ನು ಬಟ್ಟೆಯಿಂದ ಒರೆಸಿ ಅವನ ಕೈಗೆ ಕೊಟ್ಟರು.

"ನಿನ್ನ ತಪ್ಪಿಲ್ಲಪ್ಪ. ನನ್ನ ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳಿಸ್ತಿರ್ಲಿಲ್ಲ."